ಕಡಲ ದಡದ ಈಜುಕೊಳ: ಪ್ರಕೃತಿ ಕೊಟ್ಟಿದ್ದೋ, ಸರ್ಕಾರ ಕಟ್ಟಿದ್ದೋ?

ನಿಮ್ಮ ಮೊಬೈಲಿಗೂ ಇಂಥದ್ದೊಂದು ಚಿತ್ರ ಬಂದಿರಬಹುದು. ಒಂದು ಕಡೆ ಭೋರ್ಗರೆಯುವ ಸಮುದ್ರ, ಅದಕ್ಕೆ ಅಂಟಿಕೊಂಡೇ ತಿಳಿನೀಲಿ ನೀರಿನ ಈಜುಕೊಳ. ಅಲೆ ಬಂದು ಗೋಡೆಗೆ ಬಡಿದು ನೊರೆ ಒಳಕ್ಕೆ ಚೆಲ್ಲುತ್ತಿದೆ. ಒಳಗೆ ಜನ ನಿರಾಳವಾಗಿ ಈಜುತ್ತಿದ್ದಾರೆ. ಇಂಥ ಚಿತ್ರಗಳ ಜೊತೆ ಕೆಲವು ಮಾತುಗಳೂ ಸುತ್ತುತ್ತಿರುತ್ತವೆ: "ಇದು ಪ್ರಕೃತಿಯೇ ನಿರ್ಮಿಸಿದ ಕೊಳ", "ಉಪ್ಪುನೀರಿನಲ್ಲಿ ರೋಗಾಣು ಬದುಕುವುದಿಲ್ಲ", "ಇದರಲ್ಲಿ ಅಪಾಯವೇ ಇಲ್ಲ", "ನಮ್ಮ ಸರ್ಕಾರಕ್ಕೆ ಇದೆಲ್ಲ ಯಾಕೆ ಹೊಳೆಯುವುದಿಲ್ಲ?"

ಈ ನಾಲ್ಕರಲ್ಲಿ ಮೊದಲ ಮೂರು ಬಹುಮಟ್ಟಿಗೆ ತಪ್ಪು. ನಾಲ್ಕನೆಯದು ಮಾತ್ರ ಒಳ್ಳೆಯ ಪ್ರಶ್ನೆ. ಯಾಕೆಂದರೆ ಕಡಲ ದಡದ ಸಾರ್ವಜನಿಕ ಈಜುಕೊಳಗಳ ಕಥೆ ಅರ್ಧಕ್ಕರ್ಧ ಸರ್ಕಾರದ ಕಥೆಯೇ. ಯಾರ ತೆರಿಗೆ ಹಣದಿಂದ ಕಟ್ಟಿದರು, ಯಾರನ್ನು ಒಳಗೆ ಬಿಟ್ಟರು, ಕಟ್ಟಿದ ಮೇಲೆ ಯಾರು ನೋಡಿಕೊಂಡರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಒಂದೊಂದಾಗಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಇಂಥ ಕೊಳಗಳು ಅತಿ ಹೆಚ್ಚಾಗಿ ಇರುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಸುಮಾರು ನೂರು ಕೊಳಗಳಿವೆ, ಬಹುಪಾಲು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕರಾವಳಿಯಲ್ಲಿ. ಬ್ರಿಟನ್ ಮತ್ತು ದಕ್ಷಿಣ ಆಫ್ರಿಕಾದಲ್ಲೂ ಇವೆ.

ತತ್ವ ಸರಳ. ಕಡಲಂಚಿನಲ್ಲಿ ಚಪ್ಪಟೆ ಬಂಡೆ ಇರುವ ಜಾಗ ಹುಡುಕುತ್ತಾರೆ. ಬಂಡೆಯನ್ನು ಕೊರೆದು ಗುಂಡಿ ಮಾಡುತ್ತಾರೆ, ಅಥವಾ ಈಗಾಗಲೇ ಇರುವ ತಗ್ಗಿನ ಸುತ್ತ ಕಾಂಕ್ರೀಟ್ ಗೋಡೆ ಎಬ್ಬಿಸುತ್ತಾರೆ. ಗೋಡೆಯ ಎತ್ತರ ಲೆಕ್ಕ ಹಾಕಿ ಇಟ್ಟದ್ದು. ಉಬ್ಬರದ ಹೊತ್ತಿನಲ್ಲಿ ಸಮುದ್ರದ ನೀರು ಗೋಡೆ ಹತ್ತಿ ಒಳಗೆ ಬರಬೇಕು, ಇಳಿತದ ಹೊತ್ತಿನಲ್ಲಿ ಕೊಳದ ನೀರು ಅಲ್ಲೇ ನಿಲ್ಲಬೇಕು. ದಿನಕ್ಕೆ ಎರಡು ಬಾರಿ ಉಬ್ಬರ ಬರುವುದರಿಂದ ನೀರು ತಾನಾಗಿ ಬದಲಾಗುತ್ತಿರುತ್ತದೆ. ಕೆಲವು ಕಡೆ ಇದು ಸಾಲದೆ ಪಂಪ್ ಕೂಡ ಇರುತ್ತದೆ. ತಳದಲ್ಲಿ ನೀರು ಬಿಡುವ ತೂಬು ಇರುತ್ತದೆ. ಇಳಿತದ ವೇಳೆ ಅದನ್ನು ತೆರೆದು ಕೊಳ ಖಾಲಿ ಮಾಡಿ, ಪಾಚಿ ಉಜ್ಜಿ, ಮರಳು ತೆಗೆದು ಮತ್ತೆ ತುಂಬಲು ಬಿಡುತ್ತಾರೆ.

ಅಂದರೆ ನೀರು ತುಂಬುವುದು ಸಮುದ್ರದ ಕೆಲಸ. ಗೋಡೆ, ತೂಬು, ಮೆಟ್ಟಿಲು, ಕೈಹಿಡಿ, ಪಾಚಿ ಉಜ್ಜುವ ಆಳು ಎಲ್ಲವೂ ಮನುಷ್ಯರ ಕೆಲಸ. ಆ ಸಂಬಳ ಹೆಚ್ಚಿನ ಕಡೆ ಸ್ಥಳೀಯ ಪಾಲಿಕೆಯ ಲೆಕ್ಕದಿಂದ ಹೋಗುತ್ತದೆ.

ಮೊದಲ ಕೊಳ ಕಟ್ಟಿದ್ದು ಯಾರು?

ಸಿಡ್ನಿಯ ಉತ್ತರಕ್ಕಿರುವ ನ್ಯೂಕ್ಯಾಸಲ್ ಊರಿನಲ್ಲಿ 'ಬೋಗಿ ಹೋಲ್' ಎಂಬ ಕೊಳವಿದೆ. 'ಬೋಗಿ' ಎಂದರೆ ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಸ್ನಾನ ಮಾಡು ಎಂದು ಅರ್ಥ. 1819ರ ಸುಮಾರಿಗೆ, ಅದು ಇನ್ನೂ ಬ್ರಿಟಿಷರ ಕೈದಿಗಳ ವಸಾಹತು ಆಗಿದ್ದಾಗ, ಅಲ್ಲಿನ ಅಧಿಕಾರಿ ಮೇಜರ್ ಜೇಮ್ಸ್ ಮೊರಿಸೆಟ್ ತನ್ನ ಸ್ವಂತ ಸ್ನಾನಕ್ಕೆಂದು ಕೈದಿಗಳ ಕೈಯಲ್ಲಿ ಬಂಡೆ ಕೊರೆಸಿದ. ಸರ್ಕಾರಿ ಹುದ್ದೆ, ಪುಕ್ಕಟೆ ದುಡಿಮೆ, ಒಬ್ಬನೇ ಬಳಸುವ ಕೊಳ! ಅದು ಊರಿನ ಪಾಲಿಕೆಯ ಕೈಗೆ ಬಂದು ಜನರಿಗೆ ತೆರೆದದ್ದು 1863ರಲ್ಲಿ. ಇಂದು ಅದು ಸಂರಕ್ಷಿತ ಪಾರಂಪರಿಕ ತಾಣ.

ಆದರೆ ಆ ಕಾಲದ ಸರ್ಕಾರ ಜನ ಸಮುದ್ರಕ್ಕಿಳಿಯುವುದನ್ನು ಪ್ರೋತ್ಸಾಹಿಸುತ್ತಿತ್ತು ಎಂದುಕೊಳ್ಳಬೇಡಿ. 1838ರ ಒಂದು ಕಾನೂನಿನ ಪ್ರಕಾರ ನ್ಯೂ ಸೌತ್ ವೇಲ್ಸ್‌ನ ಪಟ್ಟಣಗಳಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಜನರ ಕಣ್ಣಿಗೆ ಬೀಳುವಂತೆ ಸಮುದ್ರದಲ್ಲಿ ಮೀಯುವುದು ಅಪರಾಧ. ಕಾರಣ ಸುರಕ್ಷತೆಯಲ್ಲ, ಮರ್ಯಾದೆ. ಹಗಲಲ್ಲಿ ಮೀಯಬೇಕೆಂದರೆ ಮರೆ ಇರುವ ಸ್ನಾನದ ಕಟ್ಟೆಗೇ ಹೋಗಬೇಕು. ಅಲ್ಲೂ ಗಂಡಸರಿಗೊಂದು ಹೊತ್ತು, ಹೆಂಗಸರಿಗೊಂದು ಹೊತ್ತು. ಪಾಲಿಕೆಗಳು ಕಡಲ ಕೊಳ ಕಟ್ಟಲು ಮುಂದಾದದ್ದಕ್ಕೆ ಒಂದು ಕಾರಣ ಇದು. ಜನರನ್ನು ನೀರಿನಿಂದ ದೂರ ಇಡಲು ಆಗುವುದಿಲ್ಲ, ಗೋಡೆಯೊಳಗಾದರೂ ಇಡೋಣ ಎಂಬ ಯೋಚನೆ.

1902ರಲ್ಲಿ ವಿಲಿಯಂ ಗೋಚರ್ ಎಂಬ ಪತ್ರಿಕಾ ಸಂಪಾದಕ, ಸಿಡ್ನಿಯ ಮ್ಯಾನ್ಲಿ ಕಡಲತೀರದಲ್ಲಿ ಮೊದಲೇ ಘೋಷಿಸಿ ಹಾಡಹಗಲೇ ನೀರಿಗಿಳಿದ. ಮರುವರ್ಷ ಅಲ್ಲಿನ ಪಾಲಿಕೆ ನಿಯಮ ಸಡಿಲಿಸಿತು. ಜನ ಗುಂಪು ಗುಂಪಾಗಿ ಅಲೆಗಳಿಗೆ ಇಳಿದರು. ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ. ಮುಳುಗುವವರ ಸಂಖ್ಯೆ ಚಿಂತೆಯ ವಿಷಯವಾಯಿತು. 1907ರ ಹೊತ್ತಿಗೆ ಸಿಡ್ನಿಯ ಕಡಲತೀರಗಳಲ್ಲಿ ಸ್ವಯಂಸೇವಕರ ಜೀವರಕ್ಷಕ ಸಂಘಗಳು ಹುಟ್ಟಿಕೊಂಡವು. ಮಕ್ಕಳಿಗೆ ಈಜು ಕಲಿಸಲು ಸುರಕ್ಷಿತ ಜಾಗ ಬೇಕು ಎಂಬ ಒತ್ತಾಯವೂ ಜೋರಾಯಿತು.

ಸರ್ಕಾರಗಳು ಹಣ ಹಾಕಿದ್ದು ಯಾಕೆ?

ಬರಿಯ ಜನಸೇವೆಗೆ ಎಂದು ಹೇಳಿದರೆ ಅರ್ಧ ಸತ್ಯ. ಕನಿಷ್ಠ ನಾಲ್ಕು ಕಾರಣಗಳು ಒಟ್ಟಿಗೆ ಸೇರಿದ್ದವು.

ಮೊದಲನೆಯದು ಆರೋಗ್ಯ. ಬ್ರಿಟನ್‌ನಲ್ಲಿ 1846ರಲ್ಲೇ ಒಂದು ಕಾಯ್ದೆ ಬಂತು. ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆಗಳನ್ನು ಸ್ಥಳೀಯ ತೆರಿಗೆ ಹಣದಲ್ಲಿ ಕಟ್ಟಲು ಊರುಗಳಿಗೆ ಅದು ಅನುಮತಿ ಕೊಟ್ಟಿತು. ಕೊಳಕು, ಕಾಲರಾಗಳ ಕಾಲ ಅದು. ಮೈ ತೊಳೆಯಲು ಜಾಗ ಕೊಡುವುದು ಸರ್ಕಾರದ ಕೆಲಸ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಎರಡನೆಯದು ಸುರಕ್ಷತೆ. ಸಿಡ್ನಿಯಲ್ಲಿ 1920 ಮತ್ತು 30ರ ದಶಕಗಳಲ್ಲಿ ಶಾರ್ಕ್ ದಾಳಿಯ ಭಯ ದೊಡ್ಡದಾಗಿತ್ತು. 1937ರಲ್ಲಿ ಸರ್ಕಾರ ಕಡಲತೀರಗಳ ಮುಂದೆ ಶಾರ್ಕ್ ಹಿಡಿಯುವ ಬಲೆ ಹಾಕಲು ಶುರುಮಾಡಿತು. ಬಂಡೆಯ ಕೊಳಕ್ಕೆ ಶಾರ್ಕ್ ಸಾಮಾನ್ಯವಾಗಿ ಬರಲಾರದು. ಆದರೆ ಶಾರ್ಕ್‌ಗಿಂತ ಹೆಚ್ಚು ಜನರನ್ನು ಕೊಲ್ಲುವುದು ಇನ್ನೊಂದು. ಅದು ದಡದಿಂದ ಒಳಕ್ಕೆ ಎಳೆದೊಯ್ಯುವ ನೀರಿನ ಸೆಳೆತ, ಇಂಗ್ಲಿಷಿನವರ ರಿಪ್ ಕರೆಂಟ್. ಗೋಡೆ ಅದರಿಂದಲೂ ಕಾಪಾಡುತ್ತದೆ.

ಮೂರನೆಯದು ಉದ್ಯೋಗ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಆಸ್ಟ್ರೇಲಿಯಾದ ನೂರರಲ್ಲಿ ಸುಮಾರು 30 ಕಾರ್ಮಿಕರಿಗೆ ಕೆಲಸ ಇರಲಿಲ್ಲ. ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ನಮ್ಮಲ್ಲಿ ಬರಗಾಲದಲ್ಲಿ ಕೆರೆ ಹೂಳೆತ್ತಿಸುವಂತೆ, ನರೇಗಾದಂತೆ ಅಂದುಕೊಳ್ಳಿ. ರಸ್ತೆ, ಉದ್ಯಾನದ ಜೊತೆಗೆ ಅನೇಕ ಕಡಲ ಕೊಳಗಳೂ ಹೀಗೆ ಎದ್ದವು. ನ್ಯೂಕ್ಯಾಸಲ್‌ನ ದೊಡ್ಡ ಮೆರೆವೆದರ್ ಕೊಳ ತೆರೆದದ್ದು 1935ರಲ್ಲಿ, ಅದೇ ಕಾಲದಲ್ಲಿ.

ನಾಲ್ಕನೆಯದು ಪ್ರವಾಸಿಗರು. ಬ್ರಿಟನ್‌ನ ಕಡಲೂರುಗಳು ರಜೆಗೆ ಬರುವ ಕಾರ್ಮಿಕ ಕುಟುಂಬಗಳಿಗಾಗಿ ಪೈಪೋಟಿಗೆ ಬಿದ್ದಿದ್ದವು. ಪೆನ್‌ಜಾನ್ಸ್ ಊರಿನ ಜುಬಿಲಿ ಕೊಳ, ಪ್ಲಿಮತ್‌ನ ಟಿನ್‌ಸೈಡ್ ಕೊಳ ಎರಡೂ ತೆರೆದದ್ದು 1935ರಲ್ಲಿ. ಜುಬಿಲಿ ಕೊಳದ ನಕ್ಷೆ ಹಾಕಿದವರು ಹೊರಗಿನ ಹೆಸರಾಂತ ವಾಸ್ತುಶಿಲ್ಪಿಯಲ್ಲ, ಊರಿನ ಪಾಲಿಕೆಯ ಎಂಜಿನಿಯರ್ ಫ್ರಾಂಕ್ ಲೇಥಮ್. ಅಲೆಯ ಹೊಡೆತ ತಡೆಯಲೆಂದು ಅವರು ಕೊಳಕ್ಕೆ ತ್ರಿಕೋನದ ಆಕಾರ ಕೊಟ್ಟರು.

ಇಷ್ಟೆಲ್ಲ ಇದ್ದೂ ಖಾಸಗಿಯವರು ಯಾಕೆ ಕಟ್ಟಲಿಲ್ಲ? ಕೆಲವರು ಕಟ್ಟಿದರು. ಸಿಡ್ನಿಯ ಕೂಜಿಯಲ್ಲಿರುವ ವೈಲಿ ಕೊಳವನ್ನು 1907ರಲ್ಲಿ ಕಟ್ಟಿದ್ದು ಹೆನ್ರಿ ವೈಲಿ ಎಂಬ ಈಜುಗಾರ. ಆದರೆ ಕಡಲಂಚಿನ ಜಾಗ ಸಾಮಾನ್ಯವಾಗಿ ಸರ್ಕಾರದ್ದು. ಒಂದು ದೊಡ್ಡ ಬಿರುಗಾಳಿ ಬಂದರೆ ಹತ್ತು ವರ್ಷದ ಲಾಭ ಕೊಚ್ಚಿಹೋಗುತ್ತದೆ. ಮಗುವೊಂದು ಈಜು ಕಲಿತು ಮುಂದೆಂದೋ ಮುಳುಗದೆ ಉಳಿದರೆ ಆ ಲಾಭಕ್ಕೆ ಟಿಕೆಟ್ ಹರಿಯಲು ಆಗುವುದಿಲ್ಲ. ಹಾಗಾಗಿ ಹೊಣೆ ಪಾಲಿಕೆಗಳ ಹೆಗಲಿಗೆ ಬಂತು. ವೈಲಿ ಕೊಳವೂ ಈಗ ಒಂದು ಸಾರ್ವಜನಿಕ ಟ್ರಸ್ಟಿನ ಕೈಯಲ್ಲಿದೆ.

'ಸಾರ್ವಜನಿಕ' ಎಂದರೆ ಎಲ್ಲರಿಗೂ ಎಂದೇ?

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸರ್ಕಾರದ ಹಣ ಬಿದ್ದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯುತ್ತದೆ ಎಂದಿಲ್ಲ.

ಒಳ್ಳೆಯ ಉದಾಹರಣೆ ಮೊದಲು. ಕೂಜಿಯಲ್ಲೇ ಮೆಕೈವರ್ ಮಹಿಳೆಯರ ಕೊಳ ಇದೆ, 1886ರಿಂದಲೂ. ಅಲ್ಲಿಗೆ ಹೆಂಗಸರು, ಮಕ್ಕಳಿಗೆ ಮಾತ್ರ ಪ್ರವೇಶ. ಹೆನ್ರಿ ವೈಲಿಯವರ ಮಗಳು ಮಿನಾ ವೈಲಿ ಮತ್ತು ಗೆಳತಿ ಫ್ಯಾನಿ ಡ್ಯೂರಾಕ್ ಕೂಜಿಯ ಇಂಥ ಕೊಳಗಳಲ್ಲಿ ಈಜಿ ಬೆಳೆದವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ ಈಜು ಸ್ಪರ್ಧೆ ಸೇರಿತು. 100 ಮೀಟರ್ ಸ್ಪರ್ಧೆಯಲ್ಲಿ ಡ್ಯೂರಾಕ್‌ಗೆ ಚಿನ್ನ, ವೈಲಿಗೆ ಬೆಳ್ಳಿ. ಗಂಡಸರು ನೋಡುವ ಕಡೆ ಹೆಂಗಸರು ಸ್ಪರ್ಧಿಸಬಾರದು ಎಂಬ ನಿಯಮ ಅಲ್ಲಿಯ ಮಹಿಳಾ ಈಜು ಸಂಘದಲ್ಲೇ ಇತ್ತು. ಜನರ ಒತ್ತಾಯದ ಮೇಲೆ ಅದನ್ನು ಬಿಟ್ಟರು. 1995ರಲ್ಲಿ ಮೆಕೈವರ್ ಕೊಳಕ್ಕೆ ತಾರತಮ್ಯ ತಡೆ ಕಾನೂನಿನಿಂದ ವಿಶೇಷ ವಿನಾಯಿತಿ ಸಿಕ್ಕಿತು. ಪರಪುರುಷರ ಮುಂದೆ ನೀರಿಗಿಳಿಯಲು ಮುಜುಗರಪಡುವ ಎಷ್ಟೋ ಹೆಂಗಸರಿಗೆ ಇದು ನೆಮ್ಮದಿಯ ಜಾಗ.

ಇನ್ನೊಂದು ಮುಖ ಕಹಿಯಾದದ್ದು. ದಕ್ಷಿಣ ಆಫ್ರಿಕಾದಲ್ಲಿ 1953ರಲ್ಲಿ ಬಂದ ಪ್ರತ್ಯೇಕ ಸೌಲಭ್ಯಗಳ ಕಾಯ್ದೆ ಬೀಚು, ಈಜುಕೊಳ, ಬೆಂಚುಗಳನ್ನೂ ಬಣ್ಣದ ಮೇಲೆ ಹಂಚಿತು. ಚೆಂದದ ಕಡಲತೀರಗಳು ಬಿಳಿಯರಿಗೆ. ಈ ಕಾಯ್ದೆ ರದ್ದಾದದ್ದು 1990ರಲ್ಲಿ. ನಮ್ಮ ದೇಶದಲ್ಲೂ ಇದರ ನೆರಳಿತ್ತು. ಮುಂಬೈಯ ಕಡಲಂಚಿನ ಬ್ರೀಚ್ ಕ್ಯಾಂಡಿ ಈಜುಕೊಳಕ್ಕೆ ಬಹುಕಾಲ ಯುರೋಪಿಯನ್ನರಿಗೆ ಮಾತ್ರ ಪ್ರವೇಶವಿತ್ತು. ಕೊಳ ಕಟ್ಟುವ ಅಧಿಕಾರ ಇರುವವರಿಗೆ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವ ಅಧಿಕಾರವೂ ಇರುತ್ತದೆ.

ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?

ಫಾರ್ವರ್ಡ್ ಚಿತ್ರದಲ್ಲಿ ಕಾಣದ ಭಾಗ ಇದು. ಉಪ್ಪುನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಕಬ್ಬಿಣ ಉಬ್ಬಿ ಕಾಂಕ್ರೀಟ್ ಸೀಳುತ್ತದೆ. ಅಲೆ ಪ್ರತಿದಿನ ಬಡಿಯುತ್ತದೆ. ಮರಳು ತುಂಬುತ್ತದೆ, ಪಾಚಿ ಬೆಳೆಯುತ್ತದೆ. ಕಟ್ಟುವ ದಿನ ಮಂತ್ರಿಗಳು ಬರುತ್ತಾರೆ, ಪಾಚಿ ಉಜ್ಜುವ ದಿನ ಯಾರೂ ಬರುವುದಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1925ರಲ್ಲಿ ಫ್ಲೈಶ್‌ಹ್ಯಾಕರ್ ಕೊಳ ತೆರೆಯಿತು. ಉದ್ದ ಸುಮಾರು 1000 ಅಡಿ. ಎಷ್ಟು ದೊಡ್ಡದೆಂದರೆ ಜೀವರಕ್ಷಕರು ದೋಣಿಯಲ್ಲಿ ಕುಳಿತು ಕಾಯುತ್ತಿದ್ದರು. ಸಮುದ್ರದ ನೀರನ್ನು ಪಂಪ್ ಮಾಡಿ, ಬಿಸಿ ಮಾಡಿ ತುಂಬುತ್ತಿದ್ದರು. ದುರಸ್ತಿಗೆ ಹಣ ಸಾಲದೆ ನೀರು ಕೆಡುತ್ತಾ ಬಂತು, ಜನ ಕಡಿಮೆಯಾದರು. 1971ರಲ್ಲಿ ಬಿರುಗಾಳಿಗೆ ಪೈಪ್ ಹಾಳಾದ ಮೇಲೆ ಅದು ಮುಚ್ಚಿಹೋಯಿತು.

ಪ್ಲಿಮತ್‌ನ ಟಿನ್‌ಸೈಡ್ ಕೊಳವೂ 1992ರಲ್ಲಿ ಮುಚ್ಚಿತು. ಜನ ಹೋರಾಡಿ ಅದನ್ನು ಉಳಿಸಿಕೊಂಡರು. ಸುಮಾರು 34 ಲಕ್ಷ ಪೌಂಡ್ ಖರ್ಚಾಗಿ 2003ರಲ್ಲಿ ಮತ್ತೆ ತೆರೆಯಿತು. ಪೆನ್‌ಜಾನ್ಸ್‌ನ ಜುಬಿಲಿ ಕೊಳವನ್ನು 2014ರ ಬಿರುಗಾಳಿ ಜಖಂ ಮಾಡಿತು. ಸುಮಾರು 30 ಲಕ್ಷ ಪೌಂಡ್ ದುರಸ್ತಿಯ ಬಳಿಕ 2016ರಲ್ಲಿ ತೆರೆಯಿತು. ಆಮೇಲೆ ಅದನ್ನು ನಡೆಸುವ ಹೊಣೆಯನ್ನು ಊರಿನವರದೇ ಸಮುದಾಯ ಸಂಘ ಕೈಗೆತ್ತಿಕೊಂಡಿತು. ಜನರೇ ಷೇರು ಕೊಂಡು ಹಣ ಹಾಕಿದರು. ನ್ಯೂಕ್ಯಾಸಲ್‌ನಲ್ಲಿ 1922ರ ಹಳೆಯ ಕೊಳದ ನವೀಕರಣಕ್ಕೆ ಪಾಲಿಕೆ ಖಾಸಗಿ ಹೂಡಿಕೆದಾರರಿಂದ ಪ್ರಸ್ತಾಪ ಕೇಳಿದಾಗ, ಪುಕ್ಕಟೆ ಪ್ರವೇಶ ಎಲ್ಲಿ ತಪ್ಪಿಹೋಗುತ್ತದೋ ಎಂದು ಜನ ಎದ್ದು ನಿಂತರು. ಕೊನೆಗೆ ಪಾಲಿಕೆಯೇ ಹಣ ಹಾಕಿತು. ಮೊದಲ ಹಂತ ಮುಗಿದು 2023ರಲ್ಲಿ ಕೊಳ ಮತ್ತೆ ತೆರೆಯಿತು.

ಈ ಊರುಗಳಲ್ಲೆಲ್ಲ ಸಮಾನವಾಗಿ ಕಾಣುವುದು ಒಂದೇ. ಕಟ್ಟುವ ಹಣ ಒಂದು ಸಲದ್ದು, ನೋಡಿಕೊಳ್ಳುವ ಹಣ ಪ್ರತಿವರ್ಷದ್ದು. ಎರಡನೆಯದನ್ನು ಬಜೆಟ್‌ನಲ್ಲಿ ಇಟ್ಟ ಕಡೆ ಕೊಳ ಉಳಿದಿದೆ.

ಉಪ್ಪುನೀರಿನಲ್ಲಿ ರೋಗಾಣು ಬದುಕುವುದಿಲ್ಲವೇ?

ಬದುಕುತ್ತವೆ. ಚರಂಡಿ ನೀರಿನಿಂದ ಬಂದ ಬ್ಯಾಕ್ಟೀರಿಯಾ, ವೈರಸ್‌ಗಳು ಉಪ್ಪುನೀರಿನಲ್ಲಿ ಕೂಡಲೇ ಸಾಯುವುದಿಲ್ಲ. ಎಂಟೆರೊಕಾಕೈ ಎಂಬ ಕರುಳಿನ ಬ್ಯಾಕ್ಟೀರಿಯಾ ಸಮುದ್ರದಲ್ಲೂ ಸಾಕಷ್ಟು ಹೊತ್ತು ಬಾಳುತ್ತದೆ. ಅದಕ್ಕೇ ಸಮುದ್ರದ ನೀರಿಗೆ ಮಲ ಬೆರೆತಿದೆಯೇ ಎಂದು ತಿಳಿಯಲು ಅದನ್ನೇ ಪರೀಕ್ಷಿಸುತ್ತಾರೆ. ನ್ಯೂ ಸೌತ್ ವೇಲ್ಸ್ ಸರ್ಕಾರ 1989ರಿಂದ 'ಬೀಚ್‌ವಾಚ್' ಎಂಬ ಯೋಜನೆಯಲ್ಲಿ ಈ ಪರೀಕ್ಷೆ ನಡೆಸಿ ಫಲಿತಾಂಶವನ್ನು ಜನರಿಗೆ ತಿಳಿಸುತ್ತಿದೆ. ಜೋರು ಮಳೆ ಬಂದರೆ ತೆರೆದ ಸಮುದ್ರತೀರದಲ್ಲಿ ಕನಿಷ್ಠ ಒಂದು ದಿನ, ನದೀಮುಖದಲ್ಲಿ ಮೂರು ದಿನ ನೀರಿಗಿಳಿಯಬೇಡಿ ಎಂಬುದು ಅದರ ಸಲಹೆ. ಮಳೆ ಊರಿನ ಕೊಳೆಯನ್ನೆಲ್ಲ ತೊಳೆದು ಸಮುದ್ರಕ್ಕೆ ತರುತ್ತದೆ.

"ಸಮುದ್ರಸ್ನಾನದಿಂದ ಗಾಯ ಬೇಗ ಮಾಗುತ್ತದೆ" ಎಂಬುದೂ ಅಪಾಯದ ಮಾತು. ಬೆಚ್ಚಗಿನ ಸಮುದ್ರದಲ್ಲಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತವೆ. ತೆರೆದ ಗಾಯದ ಮೂಲಕ ಒಳಸೇರಿದರೆ ಸೋಂಕು ತೀವ್ರವಾಗಬಹುದು. ಲಿವರ್ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ವಿಶೇಷವಾಗಿ ಎಚ್ಚರವಹಿಸಬೇಕು.

"ಅಪಾಯವೇ ಇಲ್ಲ" ಎಂಬುದೂ ಸರಿಯಲ್ಲ. ಗೋಡೆ ಸೆಳೆತವನ್ನು ತಡೆಯುತ್ತದೆ, ದೊಡ್ಡ ಅಲೆಯನ್ನು ಪೂರ್ತಿ ತಡೆಯುವುದಿಲ್ಲ. ಸಮುದ್ರ ಉಗ್ರವಾಗಿದ್ದಾಗ ಗೋಡೆಯ ಮೇಲೆ ನಿಂತವರನ್ನು ಅಲೆ ಎಳೆದುಕೊಳ್ಳಬಲ್ಲದು. ಅಂಥ ದಿನ ಪಾಲಿಕೆಗಳು ಕೊಳ ಮುಚ್ಚುತ್ತವೆ.

ನಮ್ಮ ಕರಾವಳಿಯಲ್ಲಿ ಆಗುವುದೇ?

ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿ ಇದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುಳುಗಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳು ಮೊದಲ ಸಲ ಸಮುದ್ರ ಕಂಡಾಗ ನೀರಿಗಿಳಿಯುವ ಆಸೆ ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅದರಲ್ಲಿ ಹತ್ತಕ್ಕೆ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹಾಗಾಗಿ "ನಮ್ಮಲ್ಲೂ ಬೇಕು" ಎನ್ನುವುದು ಶೋಕಿಯ ಮಾತೇನಲ್ಲ.

ಆದರೆ ಸಿಡ್ನಿಯ ಕೊಳವನ್ನು ಹಾಗೇ ತಂದು ಇಲ್ಲಿ ಇಡಲಾಗದು. ಅಲ್ಲಿ ಚಪ್ಪಟೆ ಬಂಡೆಯ ಅಂಚು ಸಿಗುತ್ತದೆ. ನಮ್ಮ ತೀರದ ಬಹುಭಾಗ ಮರಳು, ಅಲ್ಲಿ ಕೊಳ ಕಟ್ಟಿದರೆ ಮರಳೇ ತುಂಬುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಅಲೆ ಬೇರೆಯೇ ಆಗಿರುತ್ತದೆ, ನದಿಗಳು ಕೆಂಪು ನೀರು ತಂದು ಸುರಿಯುತ್ತವೆ. ಕಾನೂನೂ ಇದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ, ಈಗಿನದು 2019ರದ್ದು. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಜಾಗದಲ್ಲಿ ಮನಬಂದಂತೆ ಕಟ್ಟುವಂತಿಲ್ಲ. ಅದೇ ಜಾಗದಲ್ಲಿ ಮೀನುಗಾರರು ದೋಣಿ ಎಳೆಯುತ್ತಾರೆ, ರಂಪಣಿ ಬಲೆ ಎಳೆಯುತ್ತಾರೆ. ಅವರನ್ನು ಕೇಳದೆ ಗೋಡೆ ಎಬ್ಬಿಸುವುದು ನ್ಯಾಯವಲ್ಲ.

ದಾರಿ ಇನ್ನೂ ಇವೆ. ಪಡುಬಿದ್ರಿ ಮತ್ತು ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ ನೀರಿನ ಪರೀಕ್ಷೆ, ಜೀವರಕ್ಷಕರು, ಶೌಚಾಲಯ ಎಲ್ಲ ಇರಬೇಕು. ಚೆನ್ನೈಯ ಮರೀನಾ ಬೀಚಿನ ಬದಿಯಲ್ಲಿ ಅಲ್ಲಿನ ಪಾಲಿಕೆ ಈಜುಕೊಳ ನಡೆಸುತ್ತದೆ. ಅಲೆಗೆ ಎದುರಾಗಿ ಗೋಡೆ ಕಟ್ಟದೆಯೂ, ದಡದಿಂದ ಈಚೆಗೆ ಕೊಳ ಮಾಡಿ ಮಕ್ಕಳಿಗೆ ಈಜು ಕಲಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಫಾರ್ವರ್ಡ್ ಮಾಡುವ ಮುನ್ನ

ಚಿತ್ರ ಚೆಂದವಿದೆ, ಹಂಚಿಕೊಳ್ಳಿ. ಜೊತೆಗೆ ಇಷ್ಟನ್ನೂ ಸೇರಿಸಿ:

- ಇಂಥ ಕೊಳಗಳಲ್ಲಿ ಹೆಚ್ಚಿನವು ಮನುಷ್ಯರು ಕಟ್ಟಿದ್ದು, ಹಲವು ತೆರಿಗೆ ಹಣದಿಂದ.
- ಉಪ್ಪುನೀರು ಎಂದರೆ ಶುದ್ಧ ನೀರು ಎಂದಲ್ಲ. ಮಳೆ ಬಂದ ಮೇಲೆ, ಮೈಮೇಲೆ ಗಾಯ ಇದ್ದಾಗ ಇಳಿಯಬೇಡಿ.
- ಗೋಡೆ ಇದ್ದರೂ ಅಲೆ ಜೋರಿದ್ದಾಗ ದೂರ ಇರಿ.
- ತೆರೆದ ಬೀಚಿನಲ್ಲಿ ಜೀವರಕ್ಷಕರು ಗುರುತು ಮಾಡಿದ ಜಾಗದಲ್ಲಿ ಮಾತ್ರ ನೀರಿಗಿಳಿಯಿರಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಗುದ್ದಾಡಬೇಡಿ. ತೇಲುತ್ತ ಕೈಯೆತ್ತಿ ಸಹಾಯ ಕೇಳಿ, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ.

ಇನ್ನು ಆ ನಾಲ್ಕನೆಯ ಪ್ರಶ್ನೆ. ಸರ್ಕಾರವನ್ನು ಕೇಳುವುದಾದರೆ "ಕೊಳ ಯಾವಾಗ ಕಟ್ಟುತ್ತೀರಿ?" ಎಂದಷ್ಟೇ ಕೇಳಬೇಡಿ. "ನಮ್ಮೂರಿನ ಬೀಚಿನಲ್ಲಿ ಇವತ್ತು ಎಷ್ಟು ಜೀವರಕ್ಷಕರಿದ್ದಾರೆ? ನೀರಿನ ಪರೀಕ್ಷೆ ಕೊನೆಯ ಸಲ ಆದದ್ದು ಯಾವಾಗ? ನಮ್ಮ ಶಾಲೆಯ ಮಕ್ಕಳಿಗೆ ಈಜು ಕಲಿಸುವವರು ಯಾರು?" ಎಂದು ಕೇಳಿ. ಇವಕ್ಕೆ ಉತ್ತರ ಸಿಕ್ಕ ಊರಿನಲ್ಲಿ ಕೊಳ ಕಟ್ಟಿದರೆ ಅದು ಉಳಿಯುತ್ತದೆ.